ಖರೀದಿ ಇಂಗ್ಲಿಷ್ ತರಬೇತಿಯ ತಪ್ಪು ಪಾಠಗಳ ಬಗ್ಗೆ ದೂರು

ಇಂದ:
ಖರೀದಿ ವಿಭಾಗ,
ಗೇರುಬೀಜ ಸಂಸ್ಕರಣಾ ಘಟಕ, ಕುಂಬಳೆ,
ಕಾಸರಗೋಡು ಜಿಲ್ಲೆ

ಇವರಿಗೆ:
ವ್ಯವಸ್ಥಾಪಕರು,
ಆನ್‌ಲೈನ್ ಇಂಗ್ಲಿಷ್ ತರಬೇತಿ ಸಂಸ್ಥೆ

ವಿಷಯ: ತಪ್ಪು ಪಾಠಗಳನ್ನು ತಿದ್ದಿ ಮತ್ತೆ ಕಲಿಸುವುದು, ಇಲ್ಲವೇ ಶುಲ್ಕ ಹಿಂತಿರುಗಿಸುವುದು

ಮಾನ್ಯರೇ,

ಖರೀದಿ ಮತ್ತು ಚೌಕಾಸಿಗೆ ಬೇಕಾದ ಇಂಗ್ಲಿಷ್ ಎಂದು ನೀವು ಮಾರಿದ 24 ಗಂಟೆಯ ಕೋರ್ಸಿನಲ್ಲಿ 15 ಗಂಟೆ ಹೋಟೆಲ್ ಬುಕಿಂಗಿಗೂ ಸ್ವಪರಿಚಯಕ್ಕೂ ಹೋಯಿತು. ಅದನ್ನಾದರೂ ಸಹಿಸಬಹುದು. ಉಳಿದ ಒಂಬತ್ತು ಗಂಟೆಯಲ್ಲಿ ತಪ್ಪನ್ನೇ ಕಲಿಸಿದ್ದೀರಿ, ಅದನ್ನು ಸಹಿಸಲಾಗದು.

ಏಳನೇ ಪಾಠದ ಹಾಳೆಯಲ್ಲಿ, ಸಿಐಎಫ್ (ಸರಕಿನ ಬೆಲೆ, ವಿಮೆ, ಹಡಗು ಬಾಡಿಗೆ ಸೇರಿದ ದರ) ಎಂದರೆ ಸರಕು ಮಂಗಳೂರು ಮುಟ್ಟುವ ತನಕ ನಷ್ಟವೆಲ್ಲ ಮಾರುವವನದು ಎಂದಿದೆ. ಅಂತರರಾಷ್ಟ್ರೀಯ ವ್ಯಾಪಾರದ ಷರತ್ತುಗಳಾದ ಇನ್‌ಕೋಟರ್ಮ್ಸ್ 2020ರ ಪ್ರಕಾರ ಹಡಗು ಬಾಡಿಗೆ, ವಿಮೆ ಎರಡನ್ನೂ ಮಾರುವವನೇ ಕಟ್ಟಬೇಕು, ನಿಜ. ಆದರೆ ಪಶ್ಚಿಮ ಆಫ್ರಿಕಾದ ಅಬಿಜಾನ್ ಬಂದರಿನಲ್ಲಿ ಸರಕು ಹಡಗಿಗೇರಿದಲ್ಲಿಂದ ಹಾನಿಯ ಹೊಣೆ ಕೊಳ್ಳುವವರದು. ಮಾರುವವನು ಮಾಡಿಸಬೇಕಾದ ವಿಮೆಯೂ ಕನಿಷ್ಠದ್ದು, ಸರಕು ವಿಮೆಯ ಷರತ್ತುಗಳಲ್ಲಿ ಅತಿ ಕಡಿಮೆ ರಕ್ಷಣೆಯ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್ ಸಿ. ಕಂಟೇನರಿಗೆ ಬರೀ ಸಮುದ್ರದ ನೀರು ನುಗ್ಗಿ ಗೇರುಬೀಜಕ್ಕೆ ಬೂಸ್ಟು ಹಿಡಿದರೆ ಅದರಲ್ಲಿ ಪರಿಹಾರವಿಲ್ಲ. ಹೆಚ್ಚಿನ ರಕ್ಷಣೆಯ 'ಎ' ವಿಮೆ ಕೇಳಲು ಕಲಿಸಬೇಕಾಗಿದ್ದ ವಾಕ್ಯ ಇದು: 'ಪ್ಲೀಸ್ ಕೋಟ್ ಸಿಐಎಫ್ ನ್ಯೂ ಮಂಗಳೂರು, ಇನ್‌ಶೂರೆನ್ಸ್ ಅಂಡರ್ ಕ್ಲಾಜಸ್ ಎ.' ದರ ಕೇಳುವಾಗಲೇ ಇದನ್ನು ಹೇಳಬೇಕು, ಕರಾರಾದ ಮೇಲಲ್ಲ.

ಎಂಟನೇ ಪಾಠದಲ್ಲಿ ಓಕೆ, ನೋಟೆಡ್, ಅಗ್ರೀಡ್ ಮೂರಕ್ಕೂ ಒಂದೇ ಅರ್ಥ ಕೊಟ್ಟಿದ್ದೀರಿ. ಕನ್ನಡದ 'ಆಯ್ತು' ಕೇಳಿಸಿಕೊಂಡದ್ದಕ್ಕೂ ನಡೆಯುತ್ತದೆ, ಒಪ್ಪಿದ್ದಕ್ಕೂ ನಡೆಯುತ್ತದೆ. ಇಲ್ಲಿನ ಖರೀದಿದಾರರು ಎಡವುವುದು ಅಲ್ಲಿಯೇ. ದರದ ಮೆಸೇಜಿಗೆ 'ಓಕೆ' ಎಂದರೆ ಮಾರುವವನು ಅದನ್ನು ಒಪ್ಪಿಗೆ ಎಂದು ಹಿಡಿಯುತ್ತಾನೆ. 'ವಿ ಹ್ಯಾವ್ ನೋಟೆಡ್ ಯುವರ್ ಆಫರ್ ಆ್ಯಂಡ್ ವಿಲ್ ರಿಪ್ಲೈ ಬೈ ಫ್ರೈಡೇ' ಎಂದು ಬರೆಯಿಸಿ ಅಭ್ಯಾಸ ಮಾಡಿಸಬೇಕಿತ್ತು. ಹಾಗೆಯೇ 'ದರ ಇಳಿಸಿದರೆ ಕೊಳ್ಳುತ್ತೇವೆ' ಎಂಬುದನ್ನು 'ಇಫ್ ಯು ರೆಡ್ಯೂಸ್, ವಿ ವಿಲ್ ಬೈ' ಎಂದರೆ ಅದು ಮಾತು ಕೊಟ್ಟಂತೆ. ಬರೀ ನಾಡಿ ನೋಡುವುದಾದರೆ 'ವಿ ವುಡ್ ಕನ್ಸಿಡರ್' ಎನ್ನಬೇಕು.

ಗೇರುಬೀಜದ ಮಾತುಕತೆಯ ಜೀವವಾದ ಔಟ್‌ಟರ್ನ್ (ಚೀಲಕ್ಕೆ ಸಿಗುವ ತಿರುಳಿನ ಲೆಕ್ಕ) ನಿಮ್ಮ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಒಂದು ಕಿಲೋ ಸ್ಯಾಂಪಲ್ ಕತ್ತರಿಸಿ ಸಿಗುವ ಬಳಕೆಯ ತಿರುಳಿನ ಗ್ರಾಂ ತೂಕವನ್ನು 0.17637ರಿಂದ ಗುಣಿಸಿದರೆ 80 ಕಿಲೋ ಚೀಲಕ್ಕೆ ಎಷ್ಟು ಪೌಂಡ್ ಎಂದು ಬರುತ್ತದೆ. 266 ಗ್ರಾಂ ಎಂದರೆ ಸುಮಾರು 47 ಪೌಂಡ್, 255 ಗ್ರಾಂ ಎಂದರೆ ಸುಮಾರು 45. 'ಔಟ್‌ಟರ್ನ್ 47, ರಿಜೆಕ್ಷನ್ 45' ಎಂದು ಬರೆದ ಕರಾರಿನಲ್ಲಿ ಈ ಎರಡರ ನಡುವೆ ಬಿದ್ದ ಸರಕಿಗೆ ದರ ಕಡಿತ, 45ಕ್ಕಿಂತ ಕೆಳಗಿಳಿದರೆ ನಿರಾಕರಿಸುವ ಹಕ್ಕು. ಇಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಸಂಖ್ಯೆಯಿಂದಲ್ಲ, 'ಫೈನಲ್ ಅಟ್ ಲೋಡಿಂಗ್' (ಹಡಗಿಗೇರಿಸುವಲ್ಲಿನ ಪರೀಕ್ಷೆಯೇ ಅಂತಿಮ) ಮತ್ತು 'ಫೈನಲ್ ಅಟ್ ಡಿಸ್ಚಾರ್ಜ್' (ಇಳಿಸುವಲ್ಲಿನ ಪರೀಕ್ಷೆಯೇ ಅಂತಿಮ) ಎಂಬ ಪದಗಳಿಂದ. ಮೊದಲನೆಯದಕ್ಕೆ ಸಹಿ ಹಾಕಿದರೆ ನವ ಮಂಗಳೂರು ಬಂದರಿರುವ ಪಣಂಬೂರಿನಲ್ಲಿ ಮಾಡಿಸಿದ ಪರೀಕ್ಷೆಗೆ ಬೆಲೆಯೇ ಇಲ್ಲ.

ಅಂಕಿಗಳ ಅಲ್ಪವಿರಾಮವನ್ನೂ ಬಿಟ್ಟಿದ್ದೀರಿ. 1,00,000 ಎಂದು ನಾವು ಬರೆಯುವುದನ್ನು ಹೊರದೇಶದವರು ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ 100,000 ಎಂದು ಬರೆಯುತ್ತಾರೆ.

ಏಳು ಮತ್ತು ಎಂಟನೇ ಪಾಠಗಳನ್ನು, ಜೊತೆಗೆ ಔಟ್‌ಟರ್ನ್ ಬಗ್ಗೆ ಹೊಸ ಪಾಠವೊಂದನ್ನು, ಕರಾರು ಓದಬಲ್ಲವರಿಂದ 15 ದಿನದೊಳಗೆ ಕಲಿಸಿಕೊಡಿ. ಸಿಐಎಫ್ ತಿದ್ದುಪಡಿಯ ಹಾಳೆಯನ್ನು ಈ ಕೋರ್ಸು ಕಲಿತ ಎಲ್ಲರಿಗೂ ಕಳುಹಿಸಿ, ಅವರೂ ಅದೇ ತಪ್ಪನ್ನು ನಂಬಿಕೊಂಡು ಕುಳಿತಿದ್ದಾರೆ. ಆಗದಿದ್ದರೆ ಪೂರ್ತಿ ಶುಲ್ಕ ಹಿಂತಿರುಗಿಸಿ. ಉತ್ತರ ಬರಹದಲ್ಲಿ ಬರಲಿ.

ಇತಿ,
ಖರೀದಿ ವಿಭಾಗದ ಪರವಾಗಿ