ವಾಲ್ಯೂಮ್ ಎಲ್ಲಿ ಇಳಿಸುತ್ತೀರಿ ಅನ್ನುವುದು ಮುಖ್ಯ

ಮಾನ್ಯ ಸಂಪಾದಕರೇ,

ಆಡಿಯೋ ಸಿಸ್ಟಮ್ ಕೊಳ್ಳುವವರಿಗೆ ಸಲಹೆ ಕೊಡುವ ಬರಹಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ: ಡಿಜಿಟಲ್ ವಾಲ್ಯೂಮ್ ಕಂಟ್ರೋಲ್ ಸಂಗೀತವನ್ನು ಕೆಡಿಸುತ್ತದೆ, ಅನಲಾಗ್ ನಾಬೇ ಒಳ್ಳೆಯದು. ಆಂಪ್ಲಿಫೈಯರ್ ರಿಪೇರಿ ನನ್ನ ಕಸುಬು. ಈ ಮಾತು ಅರ್ಧ ಮಾತ್ರ ನಿಜ.

ಸಿಡಿಯ ಸಂಗೀತ 16 ಬಿಟ್‌ನದು, ಅಂದರೆ ದನಿಯ ಪ್ರತಿ ಅಳತೆಯನ್ನೂ 0 ಅಥವಾ 1 ಎಂಬ 16 ಅಂಕಿಗಳಲ್ಲಿ ಬರೆದಿರುತ್ತದೆ. ಡಿಜಿಟಲ್ ಆಗಿ, ಅಂದರೆ ಈ ಅಳತೆಗಳನ್ನೇ ಚಿಕ್ಕದು ಮಾಡಿ, 6 ಡೆಸಿಬಲ್ ಇಳಿಸಿದರೆ ಸುಮಾರು ಒಂದು ಬಿಟ್ ಹೋಗುತ್ತದೆ. ಆದರೆ ಇದು 16 ಬಿಟ್‌ನಲ್ಲೇ ಹೊರಗೆ ಬಿಡುವ ಸಾಧನಗಳ ಲೆಕ್ಕ. 24 ಬಿಟ್‌ನ ಡ್ಯಾಕ್‌ನಲ್ಲಿ (ಡಿಜಿಟಲ್ ಅಂಕಿಗಳನ್ನು ಅನಲಾಗ್ ಸಿಗ್ನಲ್ ಆಗಿ ಬದಲಿಸುವ ಭಾಗ) 8 ಬಿಟ್‌ಗಳಷ್ಟು ಜಾಗ ಖಾಲಿ ಇರುತ್ತದೆ. ಲೆಕ್ಕದ ಪ್ರಕಾರ ಸುಮಾರು 48 ಡೆಸಿಬಲ್ ಇಳಿಸುವವರೆಗೂ ಬಿಟ್ ಹೋಗುವ ಚಿಂತೆಯಿಲ್ಲ.

ನಾಬ್‌ಗೂ ತನ್ನದೇ ಕಾಯಿಲೆಗಳಿವೆ. ಒಳಗಿನ ಕಾರ್ಬನ್ ಪಟ್ಟಿ ಸವೆಯುತ್ತದೆ, ಧೂಳು ಕೂರುತ್ತದೆ, ತಿರುಗಿಸಿದರೆ ಕರಕರ ಅನ್ನುತ್ತದೆ. ಎಡ ಸ್ಪೀಕರ್‌ಗೊಂದು, ಬಲ ಸ್ಪೀಕರ್‌ಗೊಂದು ಪಟ್ಟಿ ಇರುತ್ತವಲ್ಲ, ಅವೆರಡೂ ಪೂರ್ತಿ ಒಂದೇ ತರ ಇರುವುದಿಲ್ಲ. ವಾಲ್ಯೂಮ್ ತೀರ ಕಡಿಮೆ ಇಟ್ಟಾಗ ಹಾಡುವವರ ದನಿ ನಡುವಿನಿಂದ ಒಂದು ಬದಿಗೆ ಸರಿಯುತ್ತದೆ. ರಾತ್ರಿ ಮೆಲ್ಲಗೆ ಕೇಳುವವರು ಸ್ಪೀಕರ್ ಕೆಟ್ಟಿದೆ ಅಂತ ತಂದುಕೊಡುತ್ತಾರೆ. ಸ್ಪೀಕರ್ ಚೆನ್ನಾಗಿಯೇ ಇರುತ್ತದೆ! ಡಿಜಿಟಲ್‌ನಲ್ಲಿ ಈ ತೊಂದರೆ ಇಲ್ಲ.

ಹಾಗಂತ ನಾಬ್ ಬೇಡವೇ? ಖಂಡಿತ ಬೇಕು. ಡ್ಯಾಕ್‌ಗೆ ತನ್ನದೇ ಆದ ಸಣ್ಣ ಹಿಸ್ (ಸುಯ್ ಅನ್ನುವ ಸದ್ದು) ಇರುತ್ತದೆ. ಡಿಜಿಟಲ್ ಆಗಿ ಇಳಿಸಿದರೆ ಹಾಡು ಇಳಿಯುತ್ತದೆ, ಹಿಸ್ ಅಷ್ಟೇ ಉಳಿಯುತ್ತದೆ. ಡ್ಯಾಕ್ ಆದಮೇಲೆ ಬರುವ ನಾಬ್ ಎರಡನ್ನೂ ಒಟ್ಟಿಗೆ ಇಳಿಸುತ್ತದೆ. ಜಾಸ್ತಿ ಜನ ಫೋನಿನಲ್ಲಿ ವಾಲ್ಯೂಮ್ ಕಡಿಮೆ ಇಟ್ಟು, ಆಂಪ್ಲಿಫೈಯರ್ ನಾಬನ್ನು ಪೂರ್ತಿ ತಿರುಗಿಸಿ, ಆಮೇಲೆ ಸುಯ್ ಅನ್ನುತ್ತಿದೆ ಎಂದು ಬೇಸರ ಪಡುತ್ತಾರೆ. ಇದನ್ನು ತಿರುಗಾ ಮುರುಗಾ ಮಾಡಿ ನೋಡಿ. ಫೋನನ್ನು ಹೆಚ್ಚುಕಡಿಮೆ ಪೂರ್ತಿ ಇಡಿ. ನೀವು ಕೇಳುವ ಅತಿ ಜೋರಿನ ಮಟ್ಟಕ್ಕೆ ನಾಬ್ ಹೊಂದಿಸಿ. ಅಲ್ಲಿಂದ ಸಣ್ಣಪುಟ್ಟ ಏರಿಳಿತಕ್ಕೆ ಡಿಜಿಟಲ್ ಬಳಸಿದರೆ ನಷ್ಟವೇನಿಲ್ಲ. ಕಂಪ್ಯೂಟರ್ ಎಡವಟ್ಟಾಗಿ ಒಮ್ಮೆಲೇ ಪೂರ್ತಿ ಸಿಗ್ನಲ್ ಬಿಟ್ಟರೂ ನಾಬ್ ತಡೆಯುತ್ತದೆ. ನಡುವೆ ನಾಬೇ ಇಲ್ಲದೆ ಸ್ಪೀಕರ್ ಓಡಿಸುವ ಪವರ್ ಆಂಪ್‌ಗೆ ಡ್ಯಾಕನ್ನು ನೇರ ಜೋಡಿಸಿದವರ ಟ್ವೀಟರ್ (ಸ್ಪೀಕರ್‌ನಲ್ಲಿ ಕೀಚಲು ದನಿ ಹೊರಡಿಸುವ ಭಾಗ) ಸುಟ್ಟಿದ್ದನ್ನು ನಾನು ಬಿಚ್ಚಿ ನೋಡಿದ್ದೇನೆ.

ಇನ್ನೊಂದು ವಿಷಯ. ನಾಬ್ ಇದೆ ಅಂದಮಾತ್ರಕ್ಕೆ ಅದು ಅನಲಾಗ್ ಅಲ್ಲ. ಕೊನೆಯೇ ಇಲ್ಲದೆ ಸುತ್ತುವ ನಾಬ್ ಬರೀ ಎನ್‌ಕೋಡರ್. ಏರಿಸು, ಇಳಿಸು ಎಂಬ ಸೂಚನೆ ಕಳಿಸುವುದಷ್ಟೇ ಅದರ ಕೆಲಸ. ನಿಜವಾದ ಇಳಿಕೆ ಒಳಗೆ ಎಲ್ಲಿ ಆಗುತ್ತದೆ, ಡ್ಯಾಕ್‌ಗೆ ಮೊದಲೋ ಆಮೇಲೋ? ಎಷ್ಟೋ ಕೈಪಿಡಿಗಳಲ್ಲಿ ಇದರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ತಯಾರಕರು ಅದನ್ನು ಸ್ಪಷ್ಟವಾಗಿ ಮುದ್ರಿಸಬೇಕು. ಸಲಹೆ ಬರೆಯುವವರೂ ಡಿಜಿಟಲ್ಲೋ ಅನಲಾಗೋ ಎಂದು ಕೇಳಿ ಸುಮ್ಮನಾಗದೆ, ಈ ಪ್ರಶ್ನೆಯನ್ನೂ ತಯಾರಕರ ಮುಂದಿಡಲಿ.

ಇಂತಿ,
ಆಂಪ್ಲಿಫೈಯರ್ ರಿಪೇರಿ ಮಾಡುವ ನಿಮ್ಮ ಓದುಗ