ಪ್ರೀತಿಯ ನಲವತ್ತೊಂದಕ್ಕೆ, ಹನ್ನೆರಡು ಬರೆಯುವುದು

ಲೋ ನಲವತ್ತೊಂದು,

ಫೋನ್ ಮಾಡಿದರೆ ಎತ್ತುವುದಿಲ್ಲ. ವಾಟ್ಸಾಪ್‌ನಲ್ಲಿ ನೀಲಿ ಗೆರೆ ಬೀಳುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಊರೆಲ್ಲ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ. ಎಪ್ಪತ್ತೆರಡಕ್ಕೆ ಅಂತ ನಾವೆಲ್ಲ ಸೇರಿ ಎತ್ತಿದ ದುಡ್ಡಿಗೆ ನೀನು ಒಪ್ಪಿಕೊಂಡ ಐನೂರು ರೂಪಾಯಿ ಇನ್ನೂ ಬಂದಿಲ್ಲ ಮಾರಾಯ. ಮೊದಲಾಗಿದ್ದರೆ ನಿನ್ನನ್ನು 420 ಅಂತ ಬಯ್ಯುತ್ತಿದ್ದೆ. 2024ರ ಜುಲೈನಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತಲ್ಲ, ಈಗ ನೀನು 318. ಬಯ್ಯುವುದಕ್ಕೂ ಪುಸ್ತಕ ತೆಗೆದು ನೋಡಬೇಕಾದ ಕಾಲ ಬಂದಿದೆ.

ಬೇರೆ ಯಾರಾದರೂ ಓದುತ್ತಿದ್ದರೆ, ಇವು ಮಗ್ಗಿಯಲ್ಲ. ಕಡೂರಿನ ಪೊಲೀಸ್ ತರಬೇತಿ ಶಾಲೆಯಲ್ಲಿ ನಮಗೆ ಅಪ್ಪ ಅಮ್ಮ ಇಟ್ಟ ಹೆಸರು ಇರಲಿಲ್ಲ, ಎದೆ ಮೇಲಿನ ನಂಬರ್ ಇತ್ತು. ಎಷ್ಟೋ ವರ್ಷ ಆದರೂ ಅದೇ ಉಳಿದಿದೆ. ಇವನ ಮದುವೆ ಕರೆಯೋಲೆ ಬಂದಾಗ ಅದರಲ್ಲಿರುವ ವರ ಯಾರು ಅಂತ ನನಗೆ ಎರಡು ನಿಮಿಷ ಹೊಳೆಯಲಿಲ್ಲ. ನನ್ನ ಹೆಸರನ್ನೂ ಠಾಣೆಯನ್ನೂ ಇಲ್ಲಿ ಹಾಕುವುದಿಲ್ಲ. ಚಿಕ್ಕಮಗಳೂರು ಜಿಲ್ಲೆ ಅಂದರೆ ಸಾಕು. ನಮ್ಮ ಸಾಹೇಬರ ಕಣ್ಣಿಗೆ ಬಿದ್ದರೆ ಇದು ಕಟ್ಟುಕಥೆ.

ನೀನು ಮೂರನೇ ವರ್ಷಕ್ಕೇ ಪಿಡಿಒ ಪರೀಕ್ಷೆ ಬರೆದು ಜಾರಿಕೊಂಡೆ. ಒಳ್ಳೆಯದೇ ಮಾಡಿದೆ ಬಿಡು. ನಿನಗೆ ಭಾನುವಾರ ಅಂದರೆ ರಜೆ, ನನಗೆ ಭಾನುವಾರ ಅಂದರೆ ಮುಳ್ಳಯ್ಯನಗಿರಿ. ಕೈಮರದ ಚೆಕ್‌ಪೋಸ್ಟಿನಲ್ಲಿ ನಿಂತು ಬೆಂಗಳೂರಿನ ಕಾರುಗಳಿಗೆ ಕೈ ಅಡ್ಡ ಹಿಡಿಯುವುದು. ಮಳೆಗಾಲ ಬಂದರೆ ಚಾರ್ಮಾಡಿ ಘಾಟಿ. ಯಾವ ತಿರುವಿನಲ್ಲಿ ಗುಡ್ಡ ಕುಸಿಯುತ್ತದೋ, ಯಾವನು ಬಂಡೆ ಮೇಲೆ ಹತ್ತಿ ಸೆಲ್ಫಿ ತೆಗೆಯುತ್ತಾನೋ ಅಂತ ಕಾಯಬೇಕು. ರೇನ್‌ಕೋಟ್ ಹೊರಗಿನಿಂದ ಒಂದು ಸಲ ನೆನೆಯುತ್ತದೆ, ಒಳಗೆ ಬೆವರಿನಿಂದ ಇನ್ನೊಂದು ಸಲ. ಡ್ಯೂಟಿ ಮುಗಿಸಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವಾಗ ಮಾತ್ರ, ಸ್ವಲ್ಪ ಹೊತ್ತು, ಈ ಕೆಲಸ ಪರವಾಗಿಲ್ಲ ಅನಿಸುತ್ತದೆ.

ಹೇಳೋದು ಮರೆತೆ, ಒಂದು ಬದಿ ಮಡಚಿದ ನಮ್ಮ ಸ್ಲೋಚ್ ಹ್ಯಾಟ್ ಹೋಯಿತು. 2025ರ ಅಕ್ಟೋಬರ್‌ನಲ್ಲಿ ನೀಲಿ ಪೀಕ್ ಕ್ಯಾಪ್ ಬಂತು, ತೆಲಂಗಾಣದವರದ್ದರ ಥರ. ಗಾಳಿಗೆ ಹಾರುವುದಿಲ್ಲ, ಚೆನ್ನಾಗಿಯೇ ಇದೆ. ಆದರೆ ಆ ಹಳೇ ಹ್ಯಾಟಿನಲ್ಲಿ ಮೆಸ್ಸಿನಿಂದ ನೀನು ಏನು ತಂದಿದ್ದೆ ಅಂತ ನೆನಪಾಗಿ ಒಬ್ಬನೇ ನಕ್ಕೆ. ಆಯ್ತು, ಹೇಳುವುದಿಲ್ಲ. ಬಕೆಟ್ ವಿಷಯವನ್ನೂ ಹೇಳುವುದಿಲ್ಲ. ಸದ್ಯಕ್ಕೆ.

ಈಗ ಎಪ್ಪತ್ತೆರಡರ ವಿಷಯ. ಜನವರಿಯಲ್ಲಿ ಠಾಣೆಯ ಮೆಟ್ಟಿಲ ಮೇಲೆ ಕೂತವನು ಏಳಲಿಲ್ಲ ಅಂತ ಗ್ರೂಪಿನಲ್ಲಿ ಹಾಕಿದ್ದೆನಲ್ಲ. ಎರಡೂ ಕಿಡ್ನಿ ಕೈಕೊಟ್ಟಿವೆ. ಬಿಪಿ ಯಾವಾಗಿನಿಂದ ಇತ್ತೋ ಅವನಿಗೇ ಗೊತ್ತಿಲ್ಲ. ನಮ್ಮಲ್ಲಿ ಬಿಪಿ ನೋಡಿಸಿಕೊಳ್ಳುವುದು ಯಾರು ಹೇಳು? ವಾರಕ್ಕೆ ಎರಡು ದಿನ ಡಯಾಲಿಸಿಸ್, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಪೊಲೀಸರ ಚಿಕಿತ್ಸೆಗೆ ಅಂತ ಇರುವ ನಮ್ಮ ಆರೋಗ್ಯ ಭಾಗ್ಯ ಕಾರ್ಡೂ ಇದೆ. ಆದರೆ ಕಾರ್ಡಿಗೆ ಗೊತ್ತಾಗದ ಖರ್ಚುಗಳು ಎಷ್ಟು! ಕಾರು ಬಾಡಿಗೆ, ಜೊತೆಗೆ ಹೋದವರ ಊಟ, ಸಂಬಳ ಬರುವ ಮೊದಲೇ ಕತ್ತರಿಸಿಕೊಳ್ಳುವ ಸಾಲದ ಕಂತುಗಳು, ಮಗನ ಕಾಲೇಜು ಫೀಸು.

ನಮಗೆ ಸಂಘ ಕಟ್ಟುವ ಹಾಗಿಲ್ಲ. 1966ರ ಕಾಯ್ದೆ ಇದೆ, ತರಬೇತಿಯಲ್ಲಿ ನಿದ್ದೆ ಮಾಡುತ್ತಾ ಕೇಳಿದ್ದೇವೆ. ಅದಕ್ಕೇ ನಮಗೆ ಸಂಘ, ಬ್ಯಾಂಕು, ಇನ್ಶೂರೆನ್ಸು ಎಲ್ಲಾ ಬ್ಯಾಚಿನ ವಾಟ್ಸಾಪ್ ಗ್ರೂಪೇ. ಸಂಬಳ, ರಜೆ ಕೇಳಿ ಪೊಲೀಸರೆಲ್ಲ ಹಾಕಬೇಕೆಂದಿದ್ದ 2016ರ ಜೂನ್ 4ರ ಸಾಮೂಹಿಕ ರಜೆ ನಿನಗೆ ನೆನಪಿದೆಯಲ್ಲ? ನೀನು ಆಗಲೇ ಹೊರಗಿದ್ದೆ, ಆದರೂ ಫೋನ್ ಮಾಡಿ ‘ಅರ್ಜಿ ಕೊಡ್ರೋ, ಹೆದರಬೇಡ್ರೋ’ ಅಂತ ಕೂಗಿದ್ದೆ. ನಾನು ಅರ್ಜಿ ಬರೆದೆ, ಮೂರನೇ ತಾರೀಖು ರಾತ್ರಿ ವಾಪಸ್ ತೆಗೆದುಕೊಂಡೆ. ಎಪ್ಪತ್ತೆರಡು ಬರೆಯಲೂ ಇಲ್ಲ, ವಾಪಸ್ ತೆಗೆದುಕೊಳ್ಳಲೂ ಇಲ್ಲ, ಅವತ್ತು ಯಾರದೋ ಸಮನ್ಸ್ ಜಾರಿ ಮಾಡೋಕೆ ಸೈಕಲ್ ತುಳಿದುಕೊಂಡು ಹೋಗಿದ್ದ. ಆಮೇಲೆ ನಮ್ಮ ಸಂಬಳದ ವಿಷಯ ನೋಡೋಕೆ ಔರಾದಕರ್ ಸಮಿತಿ ಬಂತು, ವರದಿ ಬಂತು, 2019ರಲ್ಲಿ ಸಂಬಳ ಸ್ವಲ್ಪ ಏರಿತು. ವಾರದ ರಜೆ ಮಾತ್ರ ಪಟ್ಟಿಯಲ್ಲಷ್ಟೇ ಇರುತ್ತದೆ.

ಹಾಂ, ದುಡ್ಡಿನ ಮಾತು. ನಾನೇ ಮುಂದೆ ನಿಂತು ಎತ್ತಿದೆ, ಅದು ನಿನಗೆ ಗೊತ್ತು. ಬಂದದ್ದು ಒಟ್ಟು 1,86,500. ಯಾರ್ಯಾರು ಕೊಟ್ಟರು ಅಂತ ಕೇಳಿದರೆ ನೀನು ನಂಬುವುದಿಲ್ಲ. ಸಸ್ಪೆಂಡ್ ಆಗಿ ಅರ್ಧ ಸಂಬಳದಲ್ಲಿರುವ ಹತ್ತೊಂಬತ್ತು ಎರಡು ಸಾವಿರ ಹಾಕಿದ. ಎಪ್ಪತ್ತೆರಡನ್ನು ಎಲ್ಲರೆದುರು ಬಾಯಿಗೆ ಬಂದ ಹಾಗೆ ಬಯ್ದಿದ್ದ ಸಾಹೇಬರೊಬ್ಬರು ಐದು ಸಾವಿರ ಕವರಿನಲ್ಲಿಟ್ಟು ‘ಹೆಸರು ಬರೀಬೇಡ’ ಅಂದರು. ನಮ್ಮ ಹೋಮ್‌ಗಾರ್ಡ್ ಒಬ್ಬರು, ಡ್ಯೂಟಿ ಇದ್ದ ದಿನಕ್ಕಷ್ಟೇ ದುಡ್ಡು ಕಾಣುವವರು, ಇನ್ನೂರು ರೂಪಾಯಿ ಮಡಚಿ ನನ್ನ ಜೇಬಿಗೆ ತುರುಕಿ ಏನೂ ಮಾತಾಡದೆ ಹೋಗಿಬಿಟ್ಟರು. ಹೋಮ್‌ಗಾರ್ಡನ್ನು ನಾವು ಎಷ್ಟು ಸಲ ಟೀ ತರೋಕೆ ಕಳಿಸಿದ್ದೇವೆ ಅಂತ ಆವತ್ತು ಲೆಕ್ಕ ಹಾಕಿದೆ.

ಗ್ರೂಪಿನಲ್ಲಿ ಎಲ್ಲರೂ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಚಪ್ಪಾಳೆ, ಕೈ ಮುಗಿಯುವ ಚಿತ್ರ, ‘ಬ್ಯಾಚಿನ ಬೆನ್ನೆಲುಬು’. ಇದನ್ನೇ ನಿನಗೆ ಹೇಳಬೇಕಿತ್ತು. ಫೋನಿನಲ್ಲಿ ಹೇಳೋಕೆ ಆಗಲಿಲ್ಲ.

ಮೊನ್ನೆವರೆಗೆ ನಾನು ಠಾಣೆಯಲ್ಲಿ ರೈಟರ್. ಡ್ಯೂಟಿ ಹಾಕುವುದು ಸಾಹೇಬರು, ಪಟ್ಟಿ ಬರೆಯುವುದು ನಾನು. ಅಂದರೆ ನಿಜವಾಗಿ ಹಾಕುವುದು ಯಾರು ಅಂತ ನಿನಗೆ ಗೊತ್ತೇ ಇದೆ. ಡಿಸೆಂಬರಿನಲ್ಲಿ ಬಾಬಾಬುಡನ್‌ಗಿರಿಯ ದತ್ತ ಜಯಂತಿ ಬಂದೋಬಸ್ತ್‌ಗೆ ನಮ್ಮ ಠಾಣೆಯಿಂದ ಹತ್ತು ಜನ ಬೇಕು ಅಂತ ವೈರ್‌ಲೆಸ್‌ನಲ್ಲಿ ಬಂತು. ಇರುವುದೇ ಸ್ವಲ್ಪ ಜನ. ಒಬ್ಬನಿಗೆ ಕೋರ್ಟ್ ಸಾಕ್ಷಿ, ಒಬ್ಬಳು ಹೆರಿಗೆ ರಜೆ, ಇಬ್ಬರು ಟ್ರೈನಿಂಗ್. ಉಳಿದವರಲ್ಲಿ ಹೇಗೋ ಒಂಬತ್ತು ಹೆಸರು ಆಯಿತು.

ಅವತ್ತು ಮಧ್ಯಾಹ್ನ ಎಪ್ಪತ್ತೆರಡು ಬಂದು ನನ್ನ ಮೇಜಿನ ಪಕ್ಕ ನಿಂತ. ‘ಗುರೂ, ಈ ಸಲ ನನ್ನ ಬಿಡು, ಕಾಲು ಯಾಕೋ ಸರಿ ಇಲ್ಲ’ ಅಂದ. ಬೂಟಿನ ಲೇಸ್ ಬಿಚ್ಚಿಯೇ ಇತ್ತು, ಬೂಟಿನ ನಾಲಗೆ ಹೊರಗೆ ಬಂದಿತ್ತು. ಸಾಕ್ಸ್ ಕೆಳಗೆ ಜಾರಿಸಿದ. ಎಲಾಸ್ಟಿಕ್ ಇದ್ದ ಕಡೆ ಕಾಲಿನ ಸುತ್ತ ಬಳೆ ಹಾಕಿದ ಹಾಗೆ ಆಳವಾದ ಗೆರೆ. ಹೆಬ್ಬೆರಳಿಟ್ಟು ಮೂಳೆ ಮೇಲೆ ಒತ್ತಿದ. ಗುಳಿ ಬಿತ್ತು. ಬೆರಳು ತೆಗೆದ. ಗುಳಿ ಹಾಗೇ ಇತ್ತು. ಇಬ್ಬರೂ ನೋಡುತ್ತಲೇ ಇದ್ದೆವು, ಹಿಟ್ಟಿನಲ್ಲಿ ಬೆರಳಿಟ್ಟ ಹಾಗೆ, ಮೇಲೆ ಬರಲೇ ಇಲ್ಲ.

ನಾನು ಏನಂದೆ ಗೊತ್ತಾ? ‘ಬೆಳಗಿಂದ ನಿಂತರೆ ಎಲ್ಲರಿಗೂ ಹಾಗೇ ಆಗುತ್ತೆ, ರಾತ್ರಿ ಬಿಸಿನೀರಿಗೆ ಉಪ್ಪು ಹಾಕಿ ಇಡು.’

ಅವನು ಸಾಕ್ಸ್ ಮೇಲೆ ಎಳೆದುಕೊಂಡು ಹೋದ. ನಾನು ಹತ್ತನೇ ಹೆಸರು ಬರೆದೆ. ಕೈಮರದಿಂದ ಮೇಲಿನ ಒಂದು ತಿರುವಿನಲ್ಲಿ ಮೂರು ರಾತ್ರಿ. ಆ ಗಾಳಿ ನಿನಗೆ ಗೊತ್ತಲ್ಲ, ಡಿಸೆಂಬರಿನಲ್ಲಿ ಆ ಗಿರಿಯ ಮೇಲೆ ಗಾಳಿ ಬೀಸುವುದಿಲ್ಲ, ಹೊಡೆಯುತ್ತದೆ. ಮಂಜಿನಲ್ಲಿ ಪಕ್ಕದಲ್ಲಿ ನಿಂತವನ ಮುಖ ಕಾಣುವುದಿಲ್ಲ. ಹೊರಜಿಲ್ಲೆಯಿಂದ ಬಂದವರು ಹೋದ ಮೇಲೂ ಅವನು ಬ್ಯಾರಿಕೇಡ್ ಎತ್ತಿ ಲಾರಿಗೆ ಹಾಕಿ ಬಂದಿದ್ದಾನೆ. ನಾಟಕ ಮಾಡುವವನು ಬ್ಯಾರಿಕೇಡ್ ಎತ್ತುತ್ತಾನಾ?

ಇನ್ನೂ ಒಂದಿದೆ. ಬರೆಯಲೋ ಬೇಡವೋ ಅಂತ ಎರಡು ಸಲ ಅಳಿಸಿದೆ.

ಹತ್ತನೇ ಹೆಸರು ನನ್ನದಾಗಬೇಕಿತ್ತು. ಹಿಂದಿನ ಬಂದೋಬಸ್ತ್‌ಗೆ ಅವನು ಹೋಗಿದ್ದ, ಈ ಸಲದ ಸರದಿ ನನ್ನದು. ರಫ್ ಹಾಳೆಯಲ್ಲಿ ಬರೆದೂ ಬರೆದಿದ್ದೆ. ಮಗಳ ಶಾಲೆಯಲ್ಲಿ ವಾರ್ಷಿಕೋತ್ಸವ, ಅವಳು ಕೋಲಾಟದಲ್ಲಿದ್ದಳು, ಎಡಗಡೆಯಿಂದ ಮೂರನೆಯವಳು. ನಾಲ್ಕು ವರ್ಷದಿಂದ ಒಂದಕ್ಕೂ ಹೋಗಿರಲಿಲ್ಲ. ನನ್ನ ಹೆಸರಿನ ಮೇಲೆ ಗೆರೆ ಎಳೆದು ಕೆಳಗೆ ಅವನದು ಬರೆದೆ. ಕಿಡ್ನಿ ಅದರಿಂದಲೇ ಹೋಗಿದ್ದಲ್ಲ, ಡಾಕ್ಟರೇ ಹೇಳಿದರು, ಇದು ವರ್ಷಗಟ್ಟಲೆ ಒಳಗೇ ಆಗುತ್ತಾ ಬಂದಿದ್ದು ಅಂತ. ಆ ಮಾತನ್ನು ನಾನು ದಿನಕ್ಕೆ ಹತ್ತು ಸಲ ನೆನೆಸಿಕೊಳ್ಳುತ್ತೇನೆ. ಆದರೂ ಆ ಗುಳಿ ನೋಡಿದ್ದು ನಾನು ಕಣೋ. ಒಂದು ತಿಂಗಳು ಮೊದಲೇ ನೋಡಿದ್ದು ನಾನೊಬ್ಬನೇ.

ದುಡ್ಡು ಕೊಡೋಕೆ ಕ್ವಾರ್ಟರ್ಸಿಗೆ ಹೋದೆ. ಅವನ ಮನೆಯವರು ಕಾಫಿ ತಂದಿಟ್ಟು, ‘ಅಣ್ಣ, ನೀವೊಬ್ಬರು ಇಲ್ಲದಿದ್ದರೆ’ ಅಂತ ಶುರು ಮಾಡಿ ಮಾತು ಮುಗಿಸಲಾರದೆ ಒಳಗೆ ಹೋದರು. ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಕೊಟ್ಟವರ ಪಟ್ಟಿಯನ್ನು ಅವನ ಕೈಗೆ ಕೊಟ್ಟೆ. ಒಂದೊಂದೇ ಹೆಸರು ಓದಿದ, ಹೋಮ್‌ಗಾರ್ಡ್ ಹೆಸರಿನ ಹತ್ತಿರ ಸ್ವಲ್ಪ ನಿಂತ. ಆಮೇಲೆ ಹಾಳೆ ತಿರುಗಿಸಿದ.

ಠಾಣೆಯಲ್ಲಿ ಹಾಳೆಗೆ ಯಾವಾಗಲೂ ಬರ, ಹಳೇ ಹಾಳೆಯ ಹಿಂದೆಯೇ ಬರೆಯುವುದು ನಮ್ಮ ಅಭ್ಯಾಸ. ಅದು ಯಾವ ಹಾಳೆ ಅಂತ ನಾನು ನೋಡಿರಲಿಲ್ಲ ನಲವತ್ತೊಂದು, ದೇವರಾಣೆ ನೋಡಿರಲಿಲ್ಲ.

ಎಷ್ಟು ಹೊತ್ತು ನೋಡಿದನೋ. ನಾನು ಗೋಡೆ ಮೇಲಿನ ಕ್ಯಾಲೆಂಡರ್ ನೋಡುತ್ತಾ ಕೂತಿದ್ದೆ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ದಿಂಬಿನ ಕೆಳಗಿಟ್ಟ. ಆಮೇಲೆ ಎಡಗೈ ಚಾಚಿ, ‘ಇಲ್ಲಿ ಮುಟ್ಟು’ ಅಂದ. ಡಯಾಲಿಸಿಸ್‌ಗೆ ಅಂತ ಮಣಿಕಟ್ಟಿನ ಹತ್ತಿರ ರಕ್ತನಾಳ ಜೋಡಿಸಿ ಹೊಲಿದಿದ್ದಾರೆ, ಫಿಸ್ಟುಲಾ ಅನ್ನುತ್ತಾರೆ. ಬೆರಳಿಟ್ಟರೆ ಒಳಗೆ ಜುಂಯ್ ಅಂತ ನಡುಗುತ್ತದೆ, ಬ್ಯಾಟರಿ ಇಳಿದ ವಾಕಿಟಾಕಿ ಥರ. ‘ಗೊತ್ತಾಯ್ತಾ? ಇಪ್ಪತ್ನಾಲ್ಕು ಗಂಟೆ ಕಂಟ್ರೋಲ್ ರೂಮಿನ ಲೈನಲ್ಲೇ ಇದ್ದೀನಿ. ಓವರ್’ ಅಂದ. ನಾನೂ ನಕ್ಕೆ. ಅವನಿಗೆ ಗೊತ್ತು. ನನಗೆ ಗೊತ್ತು ಅನ್ನುವುದೂ ಅವನಿಗೆ ಗೊತ್ತು. ಒಂದು ಮಾತು ಬಯ್ದಿದ್ದರೆ ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದೆ.

ಪ್ರತಿ ವರ್ಷ ಅಕ್ಟೋಬರ್ 21ಕ್ಕೆ ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪಡೆ) ಮೈದಾನದಲ್ಲಿ ಹುತಾತ್ಮರ ಹೆಸರು ಓದುತ್ತಾರಲ್ಲ, 1959ರಲ್ಲಿ ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಹತ್ತು ಜನ ಸತ್ತ ನೆನಪಿಗೆ. ನಾನು ಪ್ರತಿ ಸಲ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಬೇಗ ಮುಗಿಯಲಿ ಅಂತ ನಿಂತಿರುತ್ತೇನೆ. ಜನವರಿಯಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಒಂದು ಹುಚ್ಚು ಯೋಚನೆ ಬಂತು. ಇವನಿಗೇನಾದರೂ ಆದರೆ ಇವನ ಹೆಸರು ಯಾರ ಪಟ್ಟಿಗೆ ಸೇರುತ್ತದೆ? ಸೇರಿದ್ದು ನನ್ನ ಪಟ್ಟಿಗೆ ಮಾತ್ರ ಅಲ್ವಾ.

ಸಾಕು ಬಿಡು. ಜಾಸ್ತಿ ಆಯಿತು. ನಾಳೆ ಬೆಳಿಗ್ಗೆ ಓದಿ ನಾಚಿಕೆಯಾಗಿ ಅಳಿಸಿದರೂ ಅಳಿಸಿದೆ. ಅಷ್ಟರೊಳಗೆ ನೀನು ಸ್ಕ್ರೀನ್‌ಶಾಟ್ ತೆಗೆದಿರುತ್ತೀಯ, ನನಗೆ ಗೊತ್ತು.

ಒಂದು ತಮಾಷೆ ಹೇಳುತ್ತೇನೆ ಕೇಳು. ಅವನಿಗೆ ಹೊರಗಿನ ಡ್ಯೂಟಿ ಬೇಡ, ಕೂತು ಮಾಡುವ ಕೆಲಸ ಕೊಡಿ ಅಂತ ಸಾಹೇಬರ ಹತ್ತಿರ ಹೋಗಿ ಕೈಕಟ್ಟಿ ನಿಂತವನೂ ನಾನೇ. ಒಪ್ಪಿದರು. ಕೂತು ಮಾಡುವ ಕೆಲಸ ಠಾಣೆಯಲ್ಲಿ ಇರುವುದು ಒಂದೇ, ನನ್ನದು. ಈಗ ನನ್ನ ಕುರ್ಚಿಯಲ್ಲಿ ಅವನು. ಕಾಲಿಗೆ ಚಪ್ಪಲಿ, ಮೇಜಿನ ಮೇಲೆ ಮಾತ್ರೆ ಡಬ್ಬಿ, ನನ್ನ ಪೆನ್ನು. ಡ್ಯೂಟಿ ಪಟ್ಟಿ ಬರೆಯುವವನೂ ಅವನೇ. ನಾನು ಹೊರಗೆ. ಮುಂದಿನ ವಾರ ಏಪ್ರಿಲ್ 2, ಪೊಲೀಸ್ ಧ್ವಜ ದಿನ. ಪೆರೇಡಿಗೂ ನಾನೇ, ಕಲ್ಯಾಣ ನಿಧಿಗೆ ಧ್ವಜ ಮಾರೋಕೂ ನಾನೇ. ನಿನ್ನ ಪಂಚಾಯಿತಿಗೂ ಒಂದು ಕಟ್ಟು ಕಳಿಸುತ್ತೇನೆ, ತೆಪ್ಪಗೆ ತೆಗೆದುಕೋ.

ಇವತ್ತು ಸಂಜೆ ಬಂದು ಪಟ್ಟಿ ನೋಡಿದೆ. ನೈಟ್ ರೌಂಡ್ಸ್. ಸತತವಾಗಿ ಮೂರನೇ ರಾತ್ರಿ ನನ್ನ ಹೆಸರು. ರೌಂಡ್ಸ್‌ಗೆ ಇರುವವರು ಆರೇ ಜನ, ಆದರೂ ಹತ್ತು ಸಾಲು ಎಳೆದು, ಮಧ್ಯೆ ಖಾಲಿ ಬಿಟ್ಟು, ನನ್ನನ್ನು ಹತ್ತನೆಯದಕ್ಕೇ ಬರೆದಿದ್ದಾನೆ. ‘ಏನೋ ಇದು’ ಅಂದೆ. ತಲೆ ಎತ್ತದೆಯೇ, ‘ರಾತ್ರಿ ಬಂದು ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಡು ಗುರೂ’ ಅಂದ.

ಹನ್ನೊಂದಾಗುತ್ತಾ ಬಂತು, ಜೀಪ್ ಹಾರ್ನ್ ಹೊಡೆಯುತ್ತಿದೆ. ಹೂಮಳೆ ಬಿದ್ದು ತೋಟದಲ್ಲೆಲ್ಲ ಕಾಫಿ ಹೂ ಬಿಟ್ಟಿದೆ, ಆ ವಾಸನೆಗೆ ಡ್ರೈವರ್ ನಿದ್ದೆ ಹೋಗದ ಹಾಗೆ ಬಾಯಿ ಬಡಿದುಕೊಳ್ಳುತ್ತಿರುವುದೂ ನನ್ನ ಡ್ಯೂಟಿಯೇ.

ಐನೂರು ಹಾಕು. ನಾಡಿದ್ದು ಬೆಳಿಗ್ಗೆವರೆಗೆ ನೋಡುತ್ತೇನೆ, ಆಮೇಲೆ ಬಕೆಟ್ ವಿಷಯ ಫೋಟೋ ಸಮೇತ ಇಲ್ಲೇ.

ಇತಿ,
ಹನ್ನೆರಡು