ಕಾರು ಹತ್ತದ ಇಬ್ಬರು

ಬೆಂಗಳೂರು

ಪ್ರೀತಿಯ ಗೆಳೆಯನಿಗೆ,

ನಿನ್ನ ಪತ್ರಕ್ಕೆ ಎರಡು ತಿಂಗಳಾದರೂ ಉತ್ತರಿಸದ ನನ್ನನ್ನು ನೀನು ಬೈದುಕೊಂಡಿರುತ್ತೀಯೆಂದು ಬಲ್ಲೆ. ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಯೊಂದರಲ್ಲಿ ಕೊಂಡ ಡೆನಿಸ್ ಲೆಹೇನ್ ಅವರ ‘ಮಿಸ್ಟಿಕ್ ರಿವರ್’ ಕಾದಂಬರಿಯನ್ನು ಕಳೆದ ವಾರ ಓದಿ ಮುಗಿಸಿದೆ. ಅದನ್ನು ಓದಿದ ಮೇಲೆ ನಿನಗೆ ಬರೆಯದೆ ಇರಲಾಗಲಿಲ್ಲ.

2001ರಲ್ಲಿ ಪ್ರಕಟವಾದ ಇದನ್ನು ಎರಡು ವರ್ಷಗಳ ನಂತರ ಕ್ಲಿಂಟ್ ಈಸ್ಟ್‌ವುಡ್ ಸಿನಿಮಾ ಮಾಡಿದರು. ಅದನ್ನು ನೀನು ನೋಡಿರಲೂಬಹುದು. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಕಾದಂಬರಿಯ ಆರಂಭ. ಬಾಸ್ಟನ್ ನಗರದ ಕೂಲಿಕಾರರ ಬಡಾವಣೆಯೊಂದರಲ್ಲಿ ಶಾನ್ ಮತ್ತು ಜಿಮ್ಮಿ ಎಂಬ ಹುಡುಗರ ಅಪ್ಪಂದಿರು ಒಂದೇ ಮಿಠಾಯಿ ಕಾರ್ಖಾನೆಯಲ್ಲಿ ದುಡಿದು, ಬಿಸಿ ಚಾಕೊಲೇಟಿನ ವಾಸನೆಯನ್ನು ಮೈಗಂಟಿಸಿಕೊಂಡು ಮನೆಗೆ ಬರುತ್ತಾರೆ. ಹನ್ನೊಂದು ತುಂಬುವುದರೊಳಗೆ ಆ ಮಕ್ಕಳಿಗೆ ಸಿಹಿಯೆಂದರೆ ವಾಕರಿಕೆ. ನಮ್ಮಿಬ್ಬರ ಅಪ್ಪಂದಿರು ಪಾಳಿ ಮುಗಿಸಿ ತರುತ್ತಿದ್ದ ಶ್ರೀಗಂಧದ ವಾಸನೆ ನಿನಗೂ ನೆನಪಾಗುತ್ತದೆಯಲ್ಲವೇ? ಆ ಸೋಪ್ ಫ್ಯಾಕ್ಟರಿಯ ಹೆಸರಿನಲ್ಲಿ ಈಗ ಮೆಟ್ರೊ ನಿಲ್ದಾಣವೇ ಇದೆ, ನಾನು ದಿನವೂ ಅದನ್ನು ದಾಟಿ ಹೋಗುತ್ತೇನೆ. ಗಂಧದ ಸಾಬೂನನ್ನು ಮಾತ್ರ ಇಂದಿಗೂ ಕೊಳ್ಳಲಾರೆ.

ಕಥೆ ಹೀಗಿದೆ. 1975ರಲ್ಲಿ ಒಂದು ದಿನ ಬೀದಿಯಲ್ಲಿ ಜಗಳವಾಡುತ್ತಿದ್ದ ಮೂವರು ಹುಡುಗರ ಬಳಿ, ಪೊಲೀಸರಂತೆ ನಟಿಸುವ ಇಬ್ಬರು ಕಾರು ನಿಲ್ಲಿಸುತ್ತಾರೆ. ತನ್ನ ಮನೆ ಆ ಬೀದಿಯಲ್ಲಿಲ್ಲವೆಂದು ಮೂರನೆಯ ಹುಡುಗ ಡೇವ್ ನಿಜವನ್ನೇ ಹೇಳುತ್ತಾನೆ, ಕಾರು ಹತ್ತುತ್ತಾನೆ. ಉಳಿದಿಬ್ಬರು ಹತ್ತುವುದಿಲ್ಲ. ನಾಲ್ಕು ದಿನಗಳ ನಂತರ ಅವನು ತಪ್ಪಿಸಿಕೊಂಡು ಬಂದಾಗ, ಅವನಿಗೇನಾಯಿತೆಂಬುದನ್ನು ಬಲ್ಲ ಆ ಕೇರಿ ಅದನ್ನು ಬಾಯಿಬಿಟ್ಟು ಆಡುವುದಿಲ್ಲ. ಶಾಲೆಯ ಹುಡುಗರು ಮಾತ್ರ ಅವನನ್ನು ಹಂಗಿಸುತ್ತಾರೆ. ಇಪ್ಪತ್ತೈದು ವರ್ಷಗಳ ನಂತರ ಜಿಮ್ಮಿಯ ಮಗಳ ಕೊಲೆಯಾಗುತ್ತದೆ, ಶಾನ್ ತನಿಖಾಧಿಕಾರಿಯಾಗಿ ಬರುತ್ತಾನೆ, ಅದೇ ರಾತ್ರಿ ಡೇವ್ ಬಟ್ಟೆಯೆಲ್ಲ ರಕ್ತವಾಗಿ ಮನೆ ಸೇರಿರುತ್ತಾನೆ. ಆ ರಕ್ತ ಮತ್ತೊಬ್ಬನದು. ಆದರೂ ಹೆಂಡತಿಯೇ ಅವನನ್ನು ಶಂಕಿಸಿ, ಆ ಶಂಕೆಯನ್ನು ಜಿಮ್ಮಿಯ ಮುಂದೆ ಆಡುತ್ತಾಳೆ. ನಿಜವಾದ ಕೊಲೆಗಾರರು ಬೇರೆ ಇಬ್ಬರು ಹುಡುಗರೆಂದು ಶಾನ್ ಕಂಡುಕೊಳ್ಳುವ ರಾತ್ರಿಯೇ ಜಿಮ್ಮಿ ತನ್ನ ಬಾಲ್ಯದ ಗೆಳೆಯನನ್ನು ನದಿಯ ದಡದಲ್ಲಿ ಕೊಲ್ಲುತ್ತಾನೆ.

ಪತ್ತೇದಾರಿಕೆಯ ಭಾಗ ಸ್ವಲ್ಪ ಎಳೆದಂತಿದೆ. ಪೊಲೀಸರ ಹರಟೆಯ ಕೆಲವು ಪುಟಗಳನ್ನು ನಾನು ಹಾರಿಸಿಯೇ ಓದಿದೆ. ಕೊಲೆ ಮಾಡಿದವರು ಯಾರೆಂಬ ಕುತೂಹಲ ಅರ್ಧದಾರಿಯಲ್ಲೇ ನನ್ನನ್ನು ಬಿಟ್ಟುಹೋಗಿತ್ತು. ಡೇವ್ ಕೊಲೆಗಾರನಿರಬಹುದೆಂದು ಎಲ್ಲರೂ ಅಷ್ಟು ಸುಲಭವಾಗಿ ನಂಬಿದ್ದು ಹೇಗೆಂಬ ಪ್ರಶ್ನೆ ಮಾತ್ರ ಉಳಿಯಿತು. ಅವನ ವಿರುದ್ಧ ಸಾಕ್ಷ್ಯ ಸಿಗುವುದಕ್ಕೆ ಎಷ್ಟೋ ವರ್ಷ ಮೊದಲೇ ಅವರು ಅವನನ್ನು ತಮ್ಮವರ ಸಾಲಿನಿಂದ ತೆಗೆದುಹಾಕಿದ್ದರು.

ಈ ಮಾತು ಎಲ್ಲಿಗೆ ಬರುತ್ತಿದೆಯೆಂದು ನೀನು ಊಹಿಸಿರುತ್ತೀಯೆ. ನಾವು ಹತ್ತನೆಯ ತರಗತಿಯಲ್ಲಿದ್ದಾಗ ಗಣೇಶನ ಚಂದಾ ಡಬ್ಬಿ ಕಳೆದುಹೋಯಿತು. ಬೀದಿಯವರೆಲ್ಲ ಮೂಲೆಮನೆಯ ಹುಡುಗನ ಕಡೆಗೆ ಬೆರಳು ತೋರಿಸಿದರು. ಅಪ್ಪ ಬಿಟ್ಟುಹೋದ ಮನೆ, ಮೂರು ತಿಂಗಳ ಬಾಡಿಗೆ ಬಾಕಿ. ಅವರಿಗೆ ಬೇರೆ ಪುರಾವೆ ಬೇಕಾಗಿರಲಿಲ್ಲ. ಡಬ್ಬಿ ಕಾಣೆಯಾದ ಆ ಸಂಜೆ ಅವನು ನಮ್ಮಿಬ್ಬರ ನಡುವೆ ನವರಂಗ್ ಚಿತ್ರಮಂದಿರದ ಮುಂದಿನ ಸಾಲಿನಲ್ಲಿ ಕುಳಿತಿದ್ದನೆಂಬುದು ನಮಗೆ ಗೊತ್ತಿತ್ತು. ಹೇಳಿದ್ದರೆ ಟ್ಯೂಷನ್ನಿಗೆ ಚಕ್ಕರ್ ಹೊಡೆದದ್ದು ಬಯಲಾಗುತ್ತಿತ್ತು. ಅವನೂ ನಮ್ಮ ಹೆಸರೆತ್ತಲಿಲ್ಲ. ಅವನ ತಾಯಿಯನ್ನು ಗಣೇಶನ ಪೆಂಡಾಲಿನ ಮುಂದೆ ನಿಲ್ಲಿಸಿ ಕೇಳಿದಾಗ ನಾವಿಬ್ಬರೂ ಮಾವಿನೆಲೆಯ ತೋರಣ ಕಟ್ಟುತ್ತಿದ್ದೆವು. ನೀನು ದಾರ ಹಿಡಿದಿದ್ದೆ, ನಾನು ಗಂಟು ಹಾಕುತ್ತಿದ್ದೆ. ದೀಪಾವಳಿಗೆ ಮೊದಲೇ ಅವರು ಮನೆ ಖಾಲಿ ಮಾಡಿದರು.

ನಮ್ಮದು ಕೊಲೆಯ ಕಥೆಯಲ್ಲ, ಹೋಲಿಕೆ ದೊಡ್ಡದಾಯಿತೆಂದು ನೀನು ಹೇಳಬಹುದು. ನಾನೂ ಹಾಗೆಂದುಕೊಂಡೇ ಪುಸ್ತಕವನ್ನು ಎರಡು ಬಾರಿ ಮುಚ್ಚಿಟ್ಟೆ. ಕಾದಂಬರಿಯ ಕೊನೆಯಲ್ಲಿ ಒಂದು ಮೆರವಣಿಗೆಯಿದೆ: ವಾದ್ಯ, ಜನ, ಸಂಭ್ರಮ. ಕೊಂದವನು ಹೆಂಡತಿಯ ಪಕ್ಕದಲ್ಲಿ ನಿಂತು ನೋಡುತ್ತಿರುತ್ತಾನೆ. ಸತ್ತವನ ಹೆಂಡತಿ ಗುಂಪಿನಲ್ಲಿ ಒಬ್ಬಳೇ ಅಲೆಯುತ್ತಿರುತ್ತಾಳೆ. ಆ ಪುಟವನ್ನು ಓದುವಾಗ ಮಹಾಲಕ್ಷ್ಮಿ ನಿಲ್ದಾಣದಲ್ಲಿ ಇಳಿಯಬೇಕಾಗಿದ್ದವನು ಪೀಣ್ಯದವರೆಗೆ ಹೋಗಿಬಿಟ್ಟೆ.

ಹೋದ ತಿಂಗಳು ಮದುವೆಯೊಂದರಲ್ಲಿ ಅವನ ಅಕ್ಕ ಸಿಕ್ಕಿದ್ದರು; ಗುರುತು ಹಿಡಿದು ಮಾತನಾಡಿಸಿ, ಕೇಳದಿದ್ದರೂ ಅವನ ಫೋನ್ ನಂಬರ್ ಕೊಟ್ಟರು. ಅದನ್ನು ಕಾದಂಬರಿಯ ಕೊನೆಯ ಖಾಲಿ ಪುಟದಲ್ಲಿ ಬರೆದು, ಪುಸ್ತಕವನ್ನು ಅಂಚೆಯಲ್ಲಿ ನಿನಗೆ ಕಳುಹಿಸಿದ್ದೇನೆ. ನಾನು ಬರುವ ಭಾನುವಾರ ಅವನಿಗೆ ಫೋನ್ ಮಾಡುವವನಿದ್ದೇನೆ. ಅಂದು ಟಿಕೆಟ್ ಕೊಂಡವನು ನೀನು. ಯಾವ ಸಿನಿಮಾ ಎಂಬುದು ಎಷ್ಟು ಯೋಚಿಸಿದರೂ ನನಗೆ ನೆನಪಾಗುತ್ತಿಲ್ಲ. ನಿನಗೆ ನೆನಪಿದ್ದರೆ ಭಾನುವಾರದೊಳಗೆ ತಿಳಿಸು.

ಇಂತಿ ನಿನ್ನ,
ಹಳೆಯ ಬೀದಿಯ ಗೆಳೆಯ